ರೆಪ್ಪೆಯಿಲ್ಲದ ಕಣ್ಣು

ನಮ್ಮೂರಿನಲ್ಲಿ ಯಾರ ಮನೆಯಲ್ಲಾದರೂ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು ಎಂದರೆ ಆ ಮನೆಯಾಕೆ ಶುದ್ಧ ಸೋಮಾರಿ ಎಂದೇ ಲೆಕ್ಕ. ಉಕ್ಕುವ ಹಾಲನ್ನು ರೆಪ್ಪೆ ಬಡಿಯದೆ ನೋಡಿದರೆ ಸಾಕು, ಪಾತ್ರೆಯ ಅಂಚಿಗೆ ಬಂದು ಅಲ್ಲೇ ನಿಲ್ಲುತ್ತದೆ. ನೋಡುತ್ತಲೇ ಕೈಚಾಚಿ ಉರಿ ಸಣ್ಣ ಮಾಡಬೇಕು, ಆಮೇಲೆ ರೆಪ್ಪೆ ಬಡಿಯಬೇಕು. ಕಟ್ಟೆಯಿಂದ ಜಾರಿದ ಲೋಟವಾಗಲಿ, ಗಾಳಿಗೆ ಹಾರಿದ ಟಿಕೆಟ್ಟಾಗಲಿ, ಎಲ್ಲಕ್ಕೂ ಇದೇ ಉಪಾಯ. ಕಣ್ಣು ಉರಿಯುವವರೆಗೆ ನಿಲ್ಲಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. ಮನುಷ್ಯನ ಕಣ್ಣು ಎಷ್ಟು ಹೊತ್ತು ತಾಳುತ್ತದೆ, ನೀವೇ ಹೇಳಿ.

ಆದರೆ ಮನುಷ್ಯರನ್ನು ಮಾತ್ರ ಹಾಗೆ ನೋಡಬಾರದು. ಎದುರಿಗಿರುವವರ ಜೊತೆ ಮಾತಾಡುವಾಗ ಆಗಾಗ ರೆಪ್ಪೆ ಆಡಿಸುತ್ತಿರುವುದು ನಮ್ಮಲ್ಲಿ ಮರ್ಯಾದೆ. ಮಕ್ಕಳು ದುರುಗುಟ್ಟಿದರೆ 'ರೆಪ್ಪೆ ಬಡಿಯೋ ಕತ್ತೆ' ಎಂದು ತಲೆಯ ಮೇಲೊಂದು ಬೀಳುತ್ತದೆ. ಇದಕ್ಕೆ ವಿನಾಯಿತಿ ಇದ್ದದ್ದು ಒಂದೇ ಕಡೆ. ಸಾಯುವವರ ಹಾಸಿಗೆಯ ಪಕ್ಕ. ಮಗಳೋ ತಂಗಿಯೋ ದೂರದ ಊರಿಂದ ಬರಬೇಕಾಗಿದ್ದರೆ ಮನೆಯವರೆಲ್ಲ ಸುತ್ತ ಕೂತು, ಒಬ್ಬರ ರೆಪ್ಪೆ ಬೀಳುವ ಮೊದಲು ಇನ್ನೊಬ್ಬರು ದೃಷ್ಟಿ ನೆಟ್ಟು, ಜೀವವನ್ನು ತಡೆದು ನಿಲ್ಲಿಸುತ್ತಿದ್ದರು. ಅದಕ್ಕೆ ನೋಟ ಹಿಡಿಯುವುದು ಎಂದು ಹೆಸರು. ನಮ್ಮ ಮಾವನವರಿಗೂ ಹಾಗೇ ಮಾಡಿದ್ದೆವು. ಅವರ ತಂಗಿ ಬಂದು ಬಾಯಿಗೆ ನೀರು ಬಿಟ್ಟಮೇಲೆ ಓಣಿಯ ಹಿರಿಯರು 'ಸಾಕು, ಎಲ್ಲಾರೂ ರೆಪ್ಪೆ ಹಾಕಿ' ಎಂದರು. ಎಲ್ಲರೂ ಹಾಕಿದೆವು. ಅತ್ತೆ ಮಾತ್ರ ಹಾಕಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿದ್ದರೂ ತೆರೆದುಕೊಂಡೇ ಕೂತಿದ್ದರು, ಕೊನೆಗೆ ನಾನೇ ಅಂಗೈ ಅಡ್ಡ ಹಿಡಿದೆ. ಹಾಗೆ ಹಿಡಿದು ನಿಲ್ಲಿಸಿದಾಗ ಒಳಗಿರುವವರಿಗೆ ಹೇಗಿರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳುವುದಾದರೂ ಯಾರನ್ನು?

ನಾನು ಬಸ್ ಕಂಡಕ್ಟರ್. ಹೆಸರು ದಾಕ್ಷಾಯಿಣಿ. ನನ್ನ ಗಂಡ ಅದೇ ಬಸ್ಸಿನ ಡ್ರೈವರ್ ಆಗಿದ್ದರು. ಮನೆಯ ಜಗಳವನ್ನು ಬಸ್ಸಿಗೂ ಬಸ್ಸಿನ ಜಗಳವನ್ನು ಮನೆಗೂ ಸಾಗಿಸಿಕೊಂಡು ಸುಖವಾಗಿಯೇ ಇದ್ದೆವು. ಅಷ್ಟರಲ್ಲಿ ಊರ ಹೊರಗೆ ಸಂಶೋಧನಾ ಕೇಂದ್ರ ಬಂತು. ನಮ್ಮೂರ ಕಣ್ಣಿನ ಸುದ್ದಿ ಕೇಳಿಯೇ ಅವರು ಬಂದದ್ದು. ವಾಹನಗಳಿಗೆ ಕಣ್ಣು ಕೊಡುವುದು ಅವರ ಕೆಲಸ. ಡ್ರೈವರ್ ಇಲ್ಲದೆ, ತಾನೇ ರಸ್ತೆ ನೋಡಿಕೊಂಡು ಓಡುವ ಬಸ್ಸು. ಅದರ ಹಣೆಯ ಮೇಲೆ ತೆಂಗಿನ ಚಿಪ್ಪಿನಷ್ಟು ದೊಡ್ಡದಾದ ಒಂದು ಗಾಜಿನ ಕಣ್ಣು, ಅದರ ಹಿಂದೆ ಉಗುರಿನಷ್ಟು ಚಿಕ್ಕದಾದ ಒಂದು ಚಿಪ್. ಬೆಳಕಿನ ಒಂದೇ ಒಂದು ಕಣ ಬಂದು ತಾಗಿದರೂ ಅದಕ್ಕೆ ಗೊತ್ತಾಗುತ್ತದೆಯಂತೆ. ಅಲ್ಲಿನ ಮುಖ್ಯಸ್ಥರು ಪದ್ಮಪ್ರಭ ಅಂತ, ಭೌತಶಾಸ್ತ್ರದವರು, ಒಳ್ಳೇ ಮನುಷ್ಯ. ಮಾತಾಡುವಾಗ ರೆಪ್ಪೆ ಆಡಿಸುವುದನ್ನು ಬಂದ ವಾರದಲ್ಲೇ ಕಲಿತುಬಿಟ್ಟರು. ಬಸ್ಸಿಗೆ ಡ್ರೈವರ್ ಬೇಡವಾದರೂ ಜನರ ಜೊತೆ ಜಗಳಾಡಲು ಕಂಡಕ್ಟರ್ ಬೇಕೇ ಬೇಕು ಎಂದು ನನ್ನನ್ನು ಉಳಿಸಿಕೊಂಡರು. ನಮ್ಮ ಮನೆಯವರಿಗೆ ಬಸ್ಸು ತೊಳೆಯುವ ಕೆಲಸ ಕೊಟ್ಟರು. ಅವರು ಆ ಗಾಜಿನ ಕಣ್ಣೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತೊಳೆಯುತ್ತಿದ್ದರು.

ಮೊದಲ ದಿನವೇ ಫಜೀತಿ. ಸಂತೆ ಬೀದಿಯಲ್ಲಿ ಒಂದು ಎಮ್ಮೆ ಅಡ್ಡ ಬಂತು. ಎಮ್ಮೆ ದಾಟಲಿ ಎಂದು ಬಸ್ಸು ನಿಂತು ನೋಡತೊಡಗಿತು. ಬಸ್ಸು ನೋಡುತ್ತಿದ್ದುದರಿಂದ ಎಮ್ಮೆ ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು. ಬಸ್ಸಿಗೆ ರೆಪ್ಪೆಯಿಲ್ಲವಲ್ಲ! ಇದು ಹೋಗಲಿ ಎಂದು ಅದು, ಹೋಗಲಾರದೆ ಇದು. ಜನ ಇಳಿದರು, ಕಡಲೆಕಾಯಿ ತಿಂದರು, ನಡೆದೇ ಮನೆ ಸೇರಿದರು. ಪದ್ಮಪ್ರಭ ಸರ್ ಲ್ಯಾಪ್‌ಟಾಪ್ ಹಿಡಿದು ಬಸ್ಸಿನ ಹಿಂದೆಯೇ ಅತ್ತಿಂದಿತ್ತ ಓಡಾಡಿದ್ದೇ ಬಂತು. ಇಡೀ ಮಧ್ಯಾಹ್ನ ಕಳೆದಮೇಲೆ ನಮ್ಮ ಮನೆಯವರು ನಿಧಾನವಾಗಿ ಬಂದರು, ಬಸ್ಸಿನ ಪಕ್ಕದಿಂದ ಹತ್ತಿ, ಹೆಗಲ ಮೇಲಿದ್ದ ಟವೆಲನ್ನು ಆ ಕಣ್ಣಿನ ಮೇಲೆ ಒಗೆದರು.

ಎಮ್ಮೆ ಒಂದು ಕೂಗು ಕೂಗಿತು. ಎಮ್ಮೆ ಹಾಗೆ ಕೂಗಿದ್ದನ್ನು ನಾನು ಹುಟ್ಟಿದಮೇಲೆ ಕೇಳಿರಲಿಲ್ಲ. ತರಕಾರಿ ಗಾಡಿಗಳನ್ನೆಲ್ಲ ಉರುಳಿಸಿಕೊಂಡು ಓಡಿಹೋಯಿತು. ಆಮೇಲೆ ಅದು ಹಾಲು ಕೊಡಲಿಲ್ಲ, ಬಸ್ಸಿನ ಸದ್ದು ಕೇಳಿದರೆ ನಿಂತಲ್ಲೇ ಗಂಜಲ ಹುಯ್ದುಕೊಳ್ಳುತ್ತಿತ್ತು. ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಇವರು ಮಾತ್ರ ನಗಲಿಲ್ಲ.

"ಅದರ ಕಣ್ಣು ನೋಡಿದ್ಯೇನೇ ದಾಕ್ಷಿ?" ಎಂದರು ಊಟಕ್ಕೆ ಕೂತಾಗ.

"ಎಮ್ಮೆ ಕಣ್ಣು ನೋಡ್ಕೊಂಡು ಕೂರೋಕೆ ನಂಗೇನ್ ಬೇರೆ ಕೆಲಸ ಇಲ್ವಾ? ಬಸ್ ಕೈತಪ್ಪಿ ಹೋಯ್ತು ಅಂತ ನಿಮಗೆ ಹೊಟ್ಟೆ ಉರಿ."

"ಉರಿ ಇದೆ, ಇಲ್ಲ ಅನ್ನಲ್ಲ. ಆದ್ರೂ ಆ ಎಮ್ಮೆ ನಿಂತಿರಲಿಲ್ಲ ಕಣೆ. ಕಟ್ಟಿಹಾಕಿದ ಹಾಗಿತ್ತು."

ಆಮೇಲೆ ಪದ್ಮಪ್ರಭ ಸರ್ ಬಸ್ಸಿನ ಕಣ್ಣಿಗೆ ತಗಡಿನದೊಂದು ರೆಪ್ಪೆ ಮಾಡಿಸಿದರು. ಅದು ಟಪ್ ಟಪ್ ಎಂದು ಬಡಿದುಕೊಳ್ಳುತ್ತಾ ಬಸ್ಸನ್ನು ನಡೆಸಿತು. ಬೇರೆ ಬಸ್ಸುಗಳಿಗೆಂದು ಮಾಡಿಟ್ಟಿದ್ದ ಮಿಕ್ಕ ಕಣ್ಣುಗಳನ್ನೆಲ್ಲ ಹಾಗೇ ಉಗ್ರಾಣದಲ್ಲಿ ಇಟ್ಟರು.

ಕೆಂಪು ಜ್ವರ ಬಂದದ್ದು ಅದರ ಮುಂದಿನ ಬೇಸಿಗೆಯಲ್ಲಿ. ಮೂರನೇ ದಿನಕ್ಕೆ ಎದೆ ಬಿಗಿದು ಉಸಿರು ಮೇಲಕ್ಕೆ ಬರುತ್ತಿತ್ತು. ಹೇಗೋ ಒಂಬತ್ತನೇ ದಿನ ಮುಟ್ಟಿ ಬೆವರು ಬಿಟ್ಟಿತೆಂದರೆ ಬದುಕಿದ ಹಾಗೆ. ರೋಗ ನಿಯಂತ್ರಣಕ್ಕೆಂದು ಬಂದಿದ್ದ ಡಾಕ್ಟರ್ ಶಕೀಲಾ ಮೇಡಂ ಊಟ ನಿದ್ದೆ ಬಿಟ್ಟು ಓಡಾಡಿದರು. ಔಷಧಿ ತಯಾರಾಗುತ್ತಿದೆ, ಇನ್ನೂ ತಡವಾಗುತ್ತದೆ ಎಂದು ಎಲ್ಲಿಂದಲೋ ಸುದ್ದಿ ಬಂತು. ಆಗಲೇ ಪದ್ಮಪ್ರಭ ಸರ್‌ಗೂ ಅವರಿಗೂ ಆ ಯೋಚನೆ ಹೊಳೆದದ್ದು. ಉಗ್ರಾಣದಲ್ಲಿ ರೆಪ್ಪೆಯಿಲ್ಲದ ಕಣ್ಣುಗಳು ಸುಮ್ಮನೆ ಬಿದ್ದಿವೆ. ಒಬ್ಬೊಬ್ಬ ರೋಗಿಯ ಹಾಸಿಗೆಯ ಮೇಲೆ ಒಂದೊಂದು ಕಣ್ಣು ತೂಗುಹಾಕಿದರೆ? ಔಷಧಿ ಬರುವವರೆಗೆ ಜ್ವರ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ರೋಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ. ನಾವು ಸಾಯುವವರಿಗೆ ಅರ್ಧ ಗಂಟೆ ಮಾಡುತ್ತಿದ್ದುದನ್ನು ಅವರು ದಿನಗಟ್ಟಲೆ ಮಾಡುತ್ತಾರೆ, ಅಷ್ಟೇ ತಾನೆ ಎಂದು ಊರಿನವರೂ ಒಪ್ಪಿದರು. ಕೆಲವರು ಪದ್ಮಪ್ರಭ ಸರ್ ಕಾಲಿಗೇ ಬಿದ್ದರು.

ನಮ್ಮ ಮನೆಯವರಿಗೆ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಆ ಕಣ್ಣುಗಳ ಕೆಳಗೆ ಮಲಗಿದ್ದರು. ಮೂರನೇ ದಿನ ಇವರಿಗೂ ಎದೆ ಬಿಗಿಯಿತು. ಸ್ಟ್ರೆಚರ್ ಮೇಲೆ ಮಲಗಿಕೊಂಡೇ ತಮಾಷೆ ಬೇರೆ. "ನನ್ನ ಕೆಲಸ ಕಿತ್ಕೊಂಡಿದ್ದು ಸಾಲದು ಅಂತ ಈಗ ನನ್ನೇ ನೋಡ್ಕೊಳ್ಳತ್ತಂತೆ. ನೋಡ್ಕೊಳ್ಳಲಿ ಬಿಡು." ಒಂದು ಕೈಗೆ ಗ್ಲೂಕೋಸ್ ಸೂಜಿ ಚುಚ್ಚಿದ್ದರು, ಇನ್ನೊಂದು ಕೈ ಎತ್ತಲು ತ್ರಾಣವಿರಲಿಲ್ಲ. ನನ್ನ ಮುಖಕ್ಕೆ ಮೈಗೆಲ್ಲ ಬಟ್ಟೆ ಸುತ್ತಿ ಹಾಸಿಗೆಯ ಪಕ್ಕ ನಿಲ್ಲಿಸಿದ್ದರು. "ಕಣ್ಣು ತೆರೀತಾರೆ, ದೂರ ಸರೀರಿ" ಎಂದು ನರ್ಸ್ ಹೇಳಿದಳು. ನಾನು ಸರಿದೆ. ಇವರು ನನ್ನ ಕಡೆ ಮುಖ ತಿರುಗಿಸಿ, "ದಾಕ್ಷಿ, ನನ್ನ..." ಎಂದರು.

ಅಷ್ಟೇ. ಕಣ್ಣು ತೆರೆಯಿತು. ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

ದಿನಾ ಡ್ಯೂಟಿ ಮುಗಿಸಿ ಆಸ್ಪತ್ರೆಗೆ ಹೋಗುತ್ತಿದ್ದೆ. ಗಾಜಿನ ಗೋಡೆಯ ಹೊರಗೆ ಒಂದು ಮೈಕ್, ಒಳಗೊಂದು ಸ್ಪೀಕರ್. ರೋಗಿಗಳಿಗೆ ಏನೂ ತಿಳಿಯುವುದಿಲ್ಲ, ಎದ್ದಾಗ ಅವರಿಗೆ ಒಂದು ಕ್ಷಣ ಕಳೆದಂತೆ ಅನ್ನಿಸುತ್ತದೆ ಎಂದು ಹೇಳಿದ್ದರು. ಆದರೂ ಮನೆಯವರ ಸಮಾಧಾನಕ್ಕೆ ಇರಲಿ ಎಂದು ಮೈಕ್ ಇಟ್ಟಿದ್ದರು. ನಾನೂ ಬಾಯಿಗೆ ಬಂದದ್ದೆಲ್ಲ ಹೇಳಿಕೊಳ್ಳುತ್ತಿದ್ದೆ. ಅತ್ತೆಯ ಮೇಲೆ ಚಾಡಿ ಹೇಳಿದೆ. ತುಕ್ಕು ಹಿಡಿಯುತ್ತಿದೆ ಎಂದು ಅವರ ಸೈಕಲ್ ಮಾರಿದ್ದನ್ನು ಹೇಳಿದೆ. ಒಂದು ದಿನ ಸುಸ್ತಾಗಿ, 'ನಿಮ್ಮದೇ ಆರಾಮ ಕಣ್ರೀ, ಹಾಯಾಗಿ ಬಿದ್ಕೊಂಡಿದ್ದೀರಿ' ಎಂದೂ ಅಂದೆ.

ಆ 'ನನ್ನ' ಎಂಬ ಮಾತು ನನ್ನ ತಲೆ ಕೊರೆಯುತ್ತಿತ್ತು. ನನ್ನ ಏನು? ಬಸ್ ಸ್ಟ್ಯಾಂಡಿನಲ್ಲಿ ಅದೇ ಚರ್ಚೆ. ನನ್ನ ಬಸ್ಸು ಅನ್ನೋಕೆ ಹೊರಟಿದ್ದ ಎಂದು ಹಳೇ ಡ್ರೈವರುಗಳು. "ನನ್ನ ಅಮ್ಮನ್ನ ಚೆನ್ನಾಗಿ ನೋಡ್ಕೋ ಅಂತಿದ್ದ ನನ್ ಮಗ" ಎಂದು ಅತ್ತೆ ಎಲ್ಲರ ಮುಂದೆ ಹೇಳಿಕೊಂಡು ಬಂದರು. 'ನನ್ನ ಮರೀಬೇಡ' ಎನ್ನಲು ಹೊರಟಿದ್ದರೇನೋ ಎಂದುಕೊಂಡು ನಾನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಅತ್ತಿದ್ದೂ ಉಂಟು.

ಪಕ್ಕದ ಹಾಸಿಗೆಯಲ್ಲಿದ್ದವಳು ಟೈಲರ್ ಮಲ್ಲಯ್ಯನವರ ಮಗಳು ಶೈಲಾ. ಕಣ್ಣು ತೆರೆಯುವ ಹೊತ್ತಿಗೆ ಅವಳು ಅಳುತ್ತಿದ್ದಳಂತೆ. ಕೆನ್ನೆಯ ನಡುವೆ ಒಂದು ಹನಿ ಹಾಗೇ ನಿಂತುಬಿಟ್ಟಿತ್ತು. ಬಂದವರೆಲ್ಲ ಅದನ್ನು ನೋಡಿ 'ಮುತ್ತಿನ ಹಾಗಿದೆ' ಎನ್ನುತ್ತಿದ್ದರು. ಮಲ್ಲಯ್ಯನವರೂ ಅದನ್ನೇ ನೋಡುತ್ತಾ, "ಬಿದ್ದಿಲ್ಲ ನೋಡಮ್ಮ, ಇನ್ನೂ ಬಿದ್ದಿಲ್ಲ" ಎಂದು ನೆಮ್ಮದಿ ಪಡುತ್ತಿದ್ದರು.

ಮೂರು ತಿಂಗಳು ಕಳೆಯಿತು. ಆಸ್ಪತ್ರೆಯಲ್ಲಿ ಒಂದೂ ಸಾವಿಲ್ಲ. ಪತ್ರಿಕೆಗಳಲ್ಲಿ ಫೋಟೋ ಬಂತು. ಪುರಭವನದಲ್ಲಿ ಪದ್ಮಪ್ರಭ ಸರ್‌ಗೂ ಶಕೀಲಾ ಮೇಡಂಗೂ ಸನ್ಮಾನ ಏರ್ಪಾಡಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ ಭರ್ಜರಿಯಾಗಿಯೇ ನಡೆಯಿತು. ನಾನೂ ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಆಮೇಲೆ ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಮೈಕ್ ಹತ್ತಿರ ಬಂದು, "ಈಗ ಗುಣಮುಖರಾಗಿ ಮನೆಗೆ ಬಂದವರಲ್ಲಿ ಯಾರಾದರೊಬ್ಬರು ವೇದಿಕೆಗೆ ಬಂದು ತಮ್ಮ ಅನಿಸಿಕೆ ಹೇಳಬೇಕು" ಎಂದರು.

ಯಾರೂ ಏಳಲಿಲ್ಲ. ನಾಚಿಕೆಯಿರಬೇಕು ಎಂದುಕೊಂಡು ಮೇಷ್ಟ್ರು ಮತ್ತೊಮ್ಮೆ ಕರೆದರು. ಜನ ಹಿಂದೆ ತಿರುಗಿ ನೋಡಿದರು, ಹಿಂದಿನವರು ಬಾಗಿಲ ಕಡೆ ನೋಡಿದರು. ಅಯ್ಯೋ ದೇವರೇ, ಯಾರೂ ಬಂದಿಲ್ಲವಲ್ಲ! ಆಸ್ಪತ್ರೆಗೆ ಹೋದವರಲ್ಲಿ ಒಬ್ಬರೂ ಮನೆಗೆ ಬಂದಿಲ್ಲವಲ್ಲ! ಇಷ್ಟು ದಿನ ನಮಗೆ ಇದು ತೋಚಲೇ ಇಲ್ಲವಲ್ಲ!

ಶಕೀಲಾ ಮೇಡಂ ಕೊರಳಿನ ಹಾರ ತೆಗೆದು ಕುರ್ಚಿಯ ಮೇಲೆ ಇಟ್ಟರು. ಅವರ ಮುಖ ಸುಣ್ಣದ ಗೋಡೆಯಂತಾಗಿತ್ತು. "ಜಾಗ ಸಿಗದೆ ಮನೇಲೇ ಮಲಗಿದ್ರಲ್ಲ, ಅವರಲ್ಲಿ ಕೆಲವರು ಹೋದ್ರು. ಮಿಕ್ಕವರು ಎದ್ದು ಓಡಾಡ್ತಿದ್ದಾರೆ" ಎಂದು ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು. "ನಮ್ಮವರು ಇನ್ನೂ ಮೂರನೇ ದಿನದಲ್ಲೇ ಇದ್ದಾರೆ."

"ಔಷಧಿ ಬರತ್ತಲ್ಲ ಮೇಡಂ" ಎಂದು ಯಾರೋ ಕೂಗಿದರು.

"ಬಂದಿದೆ, ಹೋದ ವಾರ. ಆದ್ರೆ ರಕ್ತ ಓಡಿದ್ರೆ ತಾನೇ ಔಷಧಿ ಓಡೋದು? ಕಣ್ಣು ಮುಚ್ಚಲೇಬೇಕು. ಮುಚ್ಚಿದ ಕೂಡಲೇ ಜ್ವರಾನೂ ಓಡತ್ತೆ. ಯಾವುದು ಮುಂದೆ ಹೋಗತ್ತೋ ನಾನು ಹೇಳಲಾರೆ."

ಮರುದಿನ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರ ಸಭೆ ಸೇರಿತು. ಯಾರ ಮನೆಯವರು ಹೇಳುತ್ತಾರೋ ಅವರ ಕಣ್ಣು ಮುಚ್ಚುತ್ತೇವೆ ಎಂದರು. ಒಬ್ಬರೂ ಬಾಯಿಬಿಡಲಿಲ್ಲ. ಮುಚ್ಚಿದಮೇಲೆ ಸತ್ತರೆ ಕೊಂದವರು ನಾವೇ ಆಗುತ್ತೇವಲ್ಲ. ಪದ್ಮಪ್ರಭ ಸರ್ ಎಲ್ಲರಿಗೂ ಧೈರ್ಯ ತುಂಬಲು, "ಅವಸರ ಏನಿಲ್ಲ. ಚಿಪ್ ಕೆಡೋದಿಲ್ಲ. ಬೇಕಾದರೆ ನೂರು ವರ್ಷ ಹೀಗೇ ಇಡಬಹುದು" ಎಂದರು.

"ನೂರು ವರ್ಷಾನೇ?" ಎಂದರು ಅತ್ತೆ. ಅವರ ಮುಖ ಅರಳಿತು. "ಇರಲಿ ಬಿಡಿ ಸ್ವಾಮಿ, ಕಣ್ಣೆದುರಿಗಾದ್ರೂ ಇರ್ತಾನೆ."

ನಾನು ಮುದುಕಿಯಾಗುತ್ತೇನೆ, ಸಾಯುತ್ತೇನೆ, ಗಾಜಿನ ಆಚೆ ನನ್ನ ಗಂಡ ಬಾಯಿ ತೆರೆದುಕೊಂಡೇ ಇರುತ್ತಾರೆ. ಎದ್ದು ನಿಂತು, "ನಮ್ಮದು ಮುಚ್ಚಿ" ಎಂದೆ.

ಅತ್ತೆ ನನ್ನ ಸೆರಗು ಹಿಡಿದು ಜಗ್ಗಿದರು. "ನನ್ ಮಗನ್ನ ಸಾಯಿಸ್ತೀಯೇನೇ? ನಿನ್ನ ಕೈಯಾರೆ ಸಾಯಿಸ್ತೀಯಾ?"

"ಬದುಕಿದಾರೆ ಅಂತ ಯಾರು ಹೇಳಿದ್ರು ಅತ್ತೆ? ಒಂದು ಉಸಿರು ಆಡ್ತಿದಾರಾ? ಒಂದು ಮಾತಾಡ್ತಿದಾರಾ?"

"ಹೋಗಿಲ್ವಲ್ಲೇ! ಹೋಗಿಲ್ವಲ್ಲ!"

"ನಂಗೆ ಅವರು ವಾಪಸ್ ಬೇಕು. ಬರ್ದೇ ಇದ್ರೆ ಅಳ್ತೀನಿ. ಹೀಗೆ ನಡುವೆ ನೇತಾಡ್ಕೊಂಡು ಇರೋಕೆ ನನ್ನ ಕೈಲಾಗಲ್ಲ" ಎಂದೆ. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೆರಗು ಎಳೆದುಕೊಂಡೆ.

ಮುಖಕ್ಕೆ ಮೈಗೆ ಸುತ್ತಿಕೊಂಡು ಒಳಗೆ ಹೋದೆ. ಶಕೀಲಾ ಮೇಡಂ ಇಂಜೆಕ್ಷನ್ ತುಂಬಿಕೊಂಡು ಆ ಕಡೆ ನಿಂತರು. ಕಣ್ಣು ಆರಿಸಲು ಪದ್ಮಪ್ರಭ ಸರ್ ಯಾವುದೋ ತಂತಿ ಹುಡುಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮನೆಯಿಂದ ತಂದಿದ್ದ ಇವರದೇ ಹಳೇ ಟವೆಲ್ ತೆಗೆದು, ಹಿಂದಿನಿಂದ ಹೋಗಿ, ಅದರ ಮೇಲೆ ಹೊದಿಸಿದೆ.

ಇವರು ಉಳಿದರ್ಧ ಉಸಿರನ್ನು ಒಳಗೆಳೆದುಕೊಂಡರು. ತುಟಿ ಆಡಿತು. "ಮೂಗು ಕೆರಿಯೇ" ಎಂದರು.

ನನಗೆ ನಗು ಬಂತು. ದೇವರಾಣೆ, ಮೊದಲು ಬಂದದ್ದು ನಗುವೇ. ಇಷ್ಟು ದಿನ ಊರೆಲ್ಲ ತಲೆ ಕೆಡಿಸಿಕೊಂಡದ್ದು ಇದಕ್ಕಾ? ಕೈಗವಸಿನ ಬೆರಳಿನಿಂದ ಮೂಗು ಕೆರೆದೆ. ಇವರ ಕಣ್ಣಂಚಿನಿಂದ ನೀರು ಇಳಿಯಿತು.

"ಇನ್ನೂ ಸ್ವಲ್ಪ ಜೋರಾಗಿ. ಮೂರು ತಿಂಗಳಾಯ್ತು ಕಣೆ, ನವೆ ತಡ್ಕೊಳ್ಳೋಕಾಗ್ತಿಲ್ಲ."

ಕೆರೆಯುತ್ತಿದ್ದ ಬೆರಳು ನಿಂತುಬಿಟ್ಟಿತು. ಮೂರು ತಿಂಗಳು ಎಂದು ನಾನು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಶಕೀಲಾ ಮೇಡಂ ಕೈಯಲ್ಲಿದ್ದ ಸೂಜಿ ಅರ್ಧಕ್ಕೇ ನಿಂತಿತು. "ನಿಮಗೆ... ಗೊತ್ತಾಗ್ತಿತ್ತಾ?" ಎಂದು ಕೇಳಿದರು.

"ಗೊತ್ತಾಗ್ದೆ ಏನ್ ಮೇಡಂ? ಎಲ್ಲಾ ಕಾಣ್ತಿತ್ತು, ಎಲ್ಲಾ ಕೇಳ್ತಿತ್ತು. ಉಸಿರು ಮಾತ್ರ ಗಂಟಲಲ್ಲಿ ನಿಂತಿತ್ತು. ನಿದ್ದೆ ಇಲ್ಲ. ಕಿರುಚೋಣ ಅಂದ್ರೆ ಬಾಯಿಲ್ಲ." ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದರು. "ಸೈಕಲ್ ಯಾಕೇ ಮಾರ್ದೆ?"

ನಾನು ಮಂಚದ ಕಂಬಿ ಹಿಡಿದುಕೊಂಡೆ. 'ಆರಾಮ' ಎಂದಿದ್ದೆನಲ್ಲ! ಇದೇ ಬಾಯಿಂದ ಅಂದಿದ್ದೆನಲ್ಲ!

"ಆ ಎಮ್ಮೆಗೂ ಹೀಗೇ ಆಗಿತ್ತು" ಎಂದರು. ಆಮೇಲೆ ಕತ್ತು ಹೊರಳಿಸಿ, "ದಾಕ್ಷಿ, ಆ ಮಗೂನ... ಮೊದ್ಲು ಆ ಮಗೂನ ಬಿಡಿಸು" ಎಂದರು.

ನಾನು ಶೈಲಾಳ ಕಡೆ ತಿರುಗಿದೆ. ಕೆನ್ನೆಯ ಮೇಲೆ ಆ ಹನಿ ಹಾಗೇ ಇತ್ತು. ಮುತ್ತಿನ ಹಾಗಿದೆ ಎಂದು ನಾನೂ ಎಷ್ಟು ಸಲ ನಿಂತು ನೋಡಿದ್ದೇನೆ! ಶಕೀಲಾ ಮೇಡಂ ಸೂಜಿಯನ್ನು ಇವರ ತೋಳಿಗೆ ಚುಚ್ಚಿ ಮುಗಿಸಿ, ಮೈಮೇಲಿದ್ದ ಏಪ್ರನ್ ಹರಿದು ತೆಗೆದು ಆ ಕಣ್ಣಿನ ಮೇಲೆ ಎಸೆದರು. ಹನಿ ಜಾರಿ ದಿಂಬಿಗೆ ಬಿತ್ತು. ಹುಡುಗಿ ಚೀರಿದಳು. ಅವತ್ತು ಎಮ್ಮೆ ಕೂಗಿದಂತೆಯೇ ಇತ್ತು ಆ ಚೀರು.

ಮನೆಯವರಿಗೆ ಕೇಳಲಿ ಎಂದು ಅವತ್ತು ಒಳಗೂ ಒಂದು ಮೈಕ್ ಇಟ್ಟಿದ್ದರಿಂದ ಒಳಗಿನ ಮಾತೆಲ್ಲ ಹೊರಗೆ ಕೇಳಿಸಿತ್ತು. ಗಾಜಿನ ಆಚೆ ಜನ ಬಾಗಿಲು ಒಡೆದು ನುಗ್ಗಿದರು. ಮುಖಕ್ಕೆ ಕಟ್ಟಿಕೊಳ್ಳಿ ಎಂದು ನರ್ಸುಗಳು ಬೇಡಿಕೊಂಡರೂ ಕೇಳುವವರಿಲ್ಲ. ಮಲ್ಲಯ್ಯನವರು ಮಗಳನ್ನು ಅವುಚಿಕೊಂಡು, "ಬಿದ್ದಿಲ್ಲ ಅಂತಿದ್ನಲ್ಲಮ್ಮಾ, ಬಿದ್ದಿಲ್ಲ ಅಂತ ಖುಷಿಪಡ್ತಿದ್ನಲ್ಲಾ" ಎಂದು ತಲೆ ಚಚ್ಚಿಕೊಂಡರು. ಸೆರಗು, ಅಂಗಿ, ದಿಂಬಿನ ಚೀಲ, ಪಂಚೆ, ಸಿಕ್ಕಿದ್ದನ್ನೆಲ್ಲ ಒಂದೊಂದು ಕಣ್ಣಿನ ಮೇಲೂ ಹೊದಿಸಿದರು. ಒಬ್ಬೊಬ್ಬರಾಗಿ ಎಲ್ಲರೂ ಚೀರಿದರು. ಒಬ್ಬ ಮುದುಕ ಮಾತ್ರ ಚೀರಲಿಲ್ಲ, ಬಿಡಿಸಿದ ಕೂಡಲೇ ಎರಡೂ ಕಣ್ಣು ಮುಚ್ಚಿಕೊಂಡ, ಮತ್ತೆ ತೆರೆಯಲೇ ಇಲ್ಲ. ಪದ್ಮಪ್ರಭ ಸರ್ ತಂತಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದರು.

ಅತ್ತೆ ಒಳಗೆ ಬರಲಿಲ್ಲ. ನಾನು ಹೊರಗೆ ಹೋದಾಗ ಗೋಡೆಗೊರಗಿ ನಿಂತಿದ್ದರು. "ಹಾಗಾದ್ರೆ ಅವತ್ತು ನಿಮ್ಮ ಮಾವ..." ಎಂದರು. ನಾನು ಅವರ ತೋಳು ಹಿಡಿದು ಅಲ್ಲೇ ನೆಲದ ಮೇಲೆ ಕೂರಿಸಿದೆ.

ಆ ವಾರ ಆಸ್ಪತ್ರೆಯಲ್ಲಿ ನಾಲ್ಕು ಜನ ಹೋದರು. ಶೈಲಾ ಉಳಿದಳು. ನಮ್ಮ ಮನೆಯವರಿಗೆ ನಡುವೆ ಎರಡು ದಿನ ಉಸಿರು ತೀರಾ ಸಣ್ಣದಾಗಿ, ಆಸ್ಪತ್ರೆಯ ಕಟ್ಟೆಯ ಮೇಲೆ ನೆಂಟರೆಲ್ಲ ಬಂದು ಕೂತರು. ನಾನು ಹಾಸಿಗೆಯ ಪಕ್ಕ ಕೂತು ಬೇಕೆಂದೇ ರೆಪ್ಪೆ ಬಡಿಯುತ್ತಾ ಅವರನ್ನು ನೋಡುತ್ತಿದ್ದೆ. ನೋಟ ಹಿಡಿಯೋಣವೇ ಎಂದು ಯಾರೂ ಕೇಳಲಿಲ್ಲ. ನಮ್ಮೂರಿನಲ್ಲಿ ಈಗ ಆ ಮಾತನ್ನು ಯಾರೂ ಆಡುವುದಿಲ್ಲ. ಒಂಬತ್ತನೇ ದಿನ ಇವರ ಹಣೆಯ ಮೇಲೆ ಬೆವರು ಕಂಡಿತು. ಬೆವರು ಹರಿದು ಕತ್ತಿಗೆ ಇಳಿಯುವುದನ್ನು ನೋಡುತ್ತಾ ನಾನು ಗೊಳೋ ಎಂದು ಅತ್ತುಬಿಟ್ಟೆ.

ಮನೆಗೆ ಕರೆತರುವ ದಿನ ಬಸ್ಸು ಬೇಡ ಎಂದರು. ನಡೆದೇ ಬಂದೆವು, ನಿಂತು ನಿಂತು. ದಾರಿಯಲ್ಲಿ ಎದುರಾದವರೆಲ್ಲ ಇವರನ್ನು ಕಂಡು ತಲೆ ತಗ್ಗಿಸಿ, ರೆಪ್ಪೆ ಬಡಿಯುತ್ತಾ ಸರಿದು ದಾರಿ ಬಿಟ್ಟರು. ಮನೆಯ ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಗ ಮೆಟ್ಟಿಲು ಹತ್ತಿ ಬರುತ್ತಿದ್ದಾನೆ. ಅತ್ತೆ ತಟ್ಟೆ ಎತ್ತುವುದನ್ನೂ ಮರೆತು ಮುಖವನ್ನೇ ನೋಡುತ್ತಾ ನಿಂತರು, ಕಣ್ತುಂಬಾ, ಆಸೆ ತೀರದವರಂತೆ.

ಇವರ ಕಾಲು ಮೆಟ್ಟಿಲ ಮೇಲೆ ಎತ್ತಿದ ಹಾಗೇ ನಿಂತಿತು. ಬಾಯಿ ತೆರೆದಿತ್ತು, ಸದ್ದಿಲ್ಲ. ಕಣ್ಣು ಮಾತ್ರ ನನ್ನ ಕಡೆ ಇತ್ತು. ಆ ಕಣ್ಣಲ್ಲಿ ಏನಿತ್ತು ಎಂಬುದು ಈ ಸಲ ನನಗೆ ಕಂಡಿತು.

"ಅತ್ತೇ, ರೆಪ್ಪೆ!" ಎಂದು ಕಿರುಚಿದೆ.

ತಟ್ಟೆ ಅವರ ಕೈಯಿಂದ ಜಾರಿ ಬಿತ್ತು. ಕುಂಕುಮದ ನೀರೆಲ್ಲ ಹೊಸ್ತಿಲ ಮೇಲೆ ಚೆಲ್ಲಿತು. ಮೂರು ತಿಂಗಳು ಗಾಜಿನ ಆಚೆಯಿಂದ ಕಾದು ಕೂತಿದ್ದ ತಾಯಿ, ಮಗ ಒಳಗೆ ಬಂದು ಕೂರುವವರೆಗೂ ಎರಡೂ ಕೈಯಿಂದ ತಮ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದರು.